ಕಂಟ್ರೋಲರ್ ಫಕೀರಪ್ಪನವರ ರೈಲು ಚಾನೆಲ್ಲು

ರೈಲೇ ಇಲ್ಲದ ಬೈಲಹೊಂಗಲದಲ್ಲಿ ರೈಲಿನ ಹುಚ್ಚು ಹಿಡಿದಿದ್ದು, ಹೋಗಿ ಹೋಗಿ, ಬಸ್ ಸ್ಟ್ಯಾಂಡಿನ ನಿವೃತ್ತ ಕಂಟ್ರೋಲರ್ ಫಕೀರಪ್ಪನವರಿಗೆ. ಬಸ್ಸಿನ ಪೆನ್ಶನ್ ಉಂಡು ರೈಲಿನ ಧ್ಯಾನ ಮಾಡುತ್ತಿದ್ದರು. ಬೆಳಿಗ್ಗೆ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತರೆ, ಹಾದುಹೋಗುವವರನ್ನೆಲ್ಲ ಕರೆದು ರೈಲು ಓಡುವ ವಿಡಿಯೊಗಳ ಒಂದೊಂದು ಚಾನೆಲ್ ಹೇಳುವರು, ಡಾಕ್ಟರು ಔಷಧ ಬರೆದುಕೊಟ್ಟ ಹಾಗೆ. ಬಿ.ಪಿ. ಇದ್ದವರಿಗೆ ಬಯಲುಸೀಮೆಯ ಗಾಡಿ. ಹೊಸದಾಗಿ ಮದುವೆಯಾದವರಿಗೆ ಸುರಂಗ ಹೆಚ್ಚಿರುವ ದಾರಿ. ಪಕ್ಕದ ಮನೆಯವನಾದ ನನಗೆ, ಸಿಟ್ಟು ಜಾಸ್ತಿ ಎಂದು, ಹಿಮದಲ್ಲಿ ಓಡುವ ಪರದೇಶದ ರೈಲು ಗೊತ್ತುಮಾಡಿದ್ದರು. ಸಿಟ್ಟೇನೂ ಇಳಿಯಲಿಲ್ಲ, ನೆಗಡಿ ಬಂತು.

ವಿಡಿಯೊದಲ್ಲಿ ಗಾಡಿ ನಿಲ್ದಾಣಕ್ಕೆ ಬಂದು ನಿಂತರೆ ಇವರೂ ಅದನ್ನು ತಡೆಹಿಡಿದು ಚಹಾ ಕುಡಿಯಲು ಒಳಗೆ ಹೋಗುತ್ತಿದ್ದರು. ಕಪ್ಪು ಬರಿದಾಗುವವರೆಗೆ ರೈಲು ಅಲ್ಲೇ ಬಿದ್ದಿರಬೇಕು. ನೌಕರಿಯುದ್ದಕ್ಕೂ ಬಸ್ಸುಗಳನ್ನು ಅವರು ಹಾಗೆಯೇ ನಿಲ್ಲಿಸಿಕೊಂಡಿದ್ದರು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ನೋಡುವುದೇನಿದ್ದರೂ ಈ ವರ್ಷವೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ, ಅವರು ಬೇಡಿದ್ದು ಒಂದೇ: ಮಳೆಗಾಲದ ದೂಧಸಾಗರವನ್ನು ರೈಲಿನ ಕಿಟಕಿಯಿಂದ ಸ್ವಂತ ಕಣ್ಣಲ್ಲಿ ನೋಡಬೇಕು. ಅವರು, ಅವರ ಹೆಂಡತಿ ನೀಲವ್ವ, ನಾನು ಧಾರವಾಡದಲ್ಲಿ ಗಾಡಿ ಹತ್ತಿದೆವು.

ಲೋಂಡಾದಲ್ಲಿ ಗಾಡಿ ನಿಂತಿತು. ಕಿಟಕಿಯಿಂದ ವಿಡಿಯೊ ತೆಗೆಯುತ್ತಿದ್ದ ಮೊಬೈಲನ್ನು ಚಾಲೂ ಇದ್ದಂತೆಯೇ ನೀಲವ್ವನ ಕೈಗೆ ಕೊಟ್ಟು ಫಕೀರಪ್ಪನವರು ಎದ್ದರು. ಗಾಡಿ ಬಿಟ್ಟೀತು ಎಂದೆ.

"ನನ್ನ ಚಹಾ ಮುಗಿಯೂ ತನಕಾ ಯಾವ ಗಾಡಿ ಬಿಟ್ಟೈತ್ರಿ?" ಎಂದು ಇಳಿದೇಬಿಟ್ಟರು.

ಗಾಡಿ ಅಲುಗಿದಾಗ ಅವರು ಒಂದು ಕೈಯಲ್ಲಿ ಕಪ್ಪು ಹಿಡಿದು, ಇನ್ನೊಂದು ಕೈಯೆತ್ತಿ ನಿಲ್ಲುವಂತೆ ಹುಕುಂ ಮಾಡಿದರು. ರೈಲಿಗೆ ಅವರ ಪರಿಚಯವಿರಲಿಲ್ಲ. ನನಗೆ ನಗು ಬಂತು, ನೀಲವ್ವನ ಮುಖ ನೋಡಿ ನುಂಗಿಕೊಂಡೆ. ಹಿಂದಿನ ಬೋಗಿ ಹತ್ತಿರಬಹುದು ಎಂದು ಆಕೆ ಮೊಬೈಲು ಕೈಯಲ್ಲಿ ಹಿಡಿದೇ ಹುಡುಕುತ್ತ ಹೋದರು. ನಾನು ಸಾಮಾನು ಕಾಯುತ್ತ ಕುಳಿತೆ. ದೂಧಸಾಗರ ಬಂತು, ಹೋಯಿತು. ಮೂವರಲ್ಲಿ ಅದನ್ನು ನೆಟ್ಟಗೆ ನೋಡಿದವನು ನಾನೊಬ್ಬನೇ ಎಂಬುದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ನಾವು ಮರುದಿನ ಊರು ಸೇರಿದಾಗ ಅವರು ಬಸ್ಸು ಹಿಡಿದು ಬಂದು ಕಟ್ಟೆಯ ಮೇಲಿದ್ದರು. ಮುಂದಿನ ಮಳೆಗಾಲಕ್ಕೆ ಕಣ್ಣು ಉಳಿಯಲಿಲ್ಲ.

ಅವರು ತೀರಿಕೊಳ್ಳುವ ಒಂದು ವಾರ ಮೊದಲು ನೋಡಲು ಹೋಗಿದ್ದೆ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮಲಗಿದ್ದರು. ಈಗ ಯಾವ ಚಾನೆಲ್ ನಡೆದಿದೆ ಎಂದು ಛೇಡಿಸಿದೆ. ನೀಲವ್ವನಿಗೆ ಬಂದ್ ಮಾಡಲು ಬಾರದೆ ಅಂದು ರೈಲಿನಲ್ಲಿ ಪೂರಾ ತುಂಬಿಕೊಂಡಿದ್ದ ವಿಡಿಯೊ ಅದು. ಬಾಗಿಲಲ್ಲಿ ನಿಂತಿದ್ದ ಆಕೆ ಸೆರಗು ಬಾಯಿಗೆ ಹಿಡಿದು ಒಳಗೆ ಸರಿದರು.

"ಇದ ಛಲೋ ಚಾನೆಲ್ ನೋಡ್ರಿ," ಎಂದರು ಫಕೀರಪ್ಪನವರು. "ನೀರಿನ ಸಪ್ಪಳ ಅರ್ಧಾ ನಿಮಿಷ ಐತಿ. ಉಳದದ್ದೆಲ್ಲಾ ಇಕಿ ಬೋಗಿ ಬೋಗಿ ತಿರಗಿ ನನ್ನ ಹುಡಕ್ಯಾಳ. ಜೀವಮಾನದಾಗ ಒಮ್ಮೆ ಹೆಸರ ಹಿಡದು ಕರದಾಳ್ರಿ ನನ್ನ, ಅದೂ ನಾ ಗಾಡ್ಯಾಗ ಇಲ್ಲದಾಗ."