ಬಾರ್ಲಿ ಹೊಲದ ನಡುವಿನ ಗೋರಿ

ಅಥವಾ ಅದು ಕಲ್ಲಿನ ವಾಸನೆಯೇ ಅಲ್ಲವೇನೋ. ರಜೆ ಮುಗಿಸಿ ಊರಿಂದ ಬಂದು, ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿನ ಬೀಗ ತೆಗೆದು ಏಸಿ ಹಾಕಿದ ಕೂಡಲೇ ತಣ್ಣಗೆ ಹರಡುತ್ತಿದ್ದ ಮುಗ್ಗಲು ವಾಸನೆಯನ್ನೇ ನಾನು ಡೆನ್ಮಾರ್ಕಿನ ಆ ಗೋರಿಯೊಳಕ್ಕೆ ಒಯ್ದು ಇಟ್ಟಿರಬಹುದು. ಈಗ ಅಬುಧಾಬಿಯ ನನ್ನ ಬಾಡಿಗೆ ಮನೆಯಲ್ಲಿ, ಚಳಿ ಕಳೆದು ಮೊದಲ ಸಲ ಏಸಿ ಹಾಕಿದಾಗ ಅದೇ ವಾಸನೆ ಬರುತ್ತದೆ. ಕಲ್ಲಿನ ಸಂದಿಯಲ್ಲಿ ತೆವಳುವ ಅಜ್ಜಿಯ ಬೆನ್ನು ಕಾಣುತ್ತದೆ. ಅವಳ ಹಿಂದೆ ಒಂಬತ್ತು ವರ್ಷದ ಹುಡುಗಿ ನಾನು, ಕೈಯಲ್ಲಿ ಟಾರ್ಚು. ಅಜ್ಜಿಯ ಜೊತೆ ಹೋದದ್ದು ನಾನಲ್ಲ, ಬಾಪ ಎಂದು ಉಮ್ಮ ಇವತ್ತಿಗೂ ವಾದಿಸುತ್ತಾಳೆ. ನಮ್ಮ ಮನೆಯ ಮಾತು ಬ್ಯಾರಿ, ಅಪ್ಪನಿಗೆ ಬಾಪ, ಅಮ್ಮನಿಗೆ ಉಮ್ಮ; ಕನ್ನಡದಲ್ಲಿ ಬರೆಯುವಾಗಲೇ ಅರ್ಧ ಬದಲಾಗಿರುತ್ತದೆ. ಉಳಿದರ್ಧವನ್ನು ಹೇಳುತ್ತೇನೆ.

ಆ ಫ್ಲ್ಯಾಟು ಈಗ ಬೇರೆ ಯಾರದೋ. ಆಗ ಅದರ ಒಂದೇ ಬೆಡ್‌ರೂಮಿನಲ್ಲಿ ಬಾಪ, ಉಮ್ಮ, ನಾನು. ಹಾಲಿನಲ್ಲಿ ಬಾಲ್ಕನಿಗೆ ತಾಗಿದ ಮಂಚದಲ್ಲಿ ಅಜ್ಜಿ, ಬಾಪನ ತಾಯಿ. ಉಳ್ಳಾಲದಿಂದ ಅವಳು ಬಂದದ್ದು ಮೊಮ್ಮಗಳನ್ನು ನೋಡಲು ಎನ್ನುತ್ತಿದ್ದರು. ಬಂದದ್ದು ಅಜ್ಜನಿಗಾಗಿ. ಬಾಪ ಇನ್ನೂ ಹೊಟ್ಟೆಯಲ್ಲಿದ್ದಾಗ ಗಲ್ಫಿಗೆ ಲಾಂಚು ಹತ್ತಿದ ಅಜ್ಜ ಅಬುಧಾಬಿಯಲ್ಲೇ ತೀರಿಕೊಂಡಿದ್ದ; ಊರಿಗೆ ತಲುಪಿದ್ದು ಒಂದು ಕಾಗದ ಮಾತ್ರ. ಒಂದು ಶುಕ್ರವಾರ ಬಾಪ ನಮ್ಮನ್ನು ಅಲ್ಲಿನ ಹಳೆಯ ಕಬರಸ್ತಾನಕ್ಕೆ ಕರೆದೊಯ್ದ. ಹೆಂಗಸರು ಒಳಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಅಜ್ಜಿ, ಉಮ್ಮ, ನಾನು ಕಾರಿನಲ್ಲೇ ಕುಳಿತೆವು. ಬಾಪ ಮರಳಿ ಬಂದು ಶೂವಿನ ಮರಳು ಕೊಡವುತ್ತ ತನ್ನ ಉಮ್ಮನಿಗೆ, ಅಜ್ಜಿಗೆ, ಹೇಳಿದ.

"ಬರೀ ಕಲ್ಲು ಉಮ್ಮ. ಒಂದ್ರಲ್ಲೂ ಹೆಸ್ರಿಲ್ಲ."

"ಕಾವಲಿನವ್ನ ಹತ್ರ ಕೇಳಿದ್ಯಾ?"

"ಕೇಳ್ದೆ. ಹಳೇದೆಲ್ಲ ಮಾಫಿ, ಏನೂ ಇಲ್ಲ ಅಂದ."

"ಒಂದು ಸಲಾಂ ಹೇಳ್ಲಿಕ್ಕಿತ್ತು, ಅಷ್ಟೆ," ಎಂದಳು ಅಜ್ಜಿ. ಕಿಟಕಿಯ ಗಾಜು ಇಳಿಸಿ ಗೋಡೆಯನ್ನು ನೋಡಿದಳು.

ಡೆನ್ಮಾರ್ಕಿಗೆ ಹೋದದ್ದು ಆ ಬೇಸಿಗೆಯೋ, ಮರುವರ್ಷವೋ. ಜೆಬೆಲ್ ಅಲಿಯ ಗೋದಾಮಿನಲ್ಲಿ ಬಾಪನ ಮ್ಯಾನೇಜರಾಗಿದ್ದ ಯೆನ್ಸ್ ಅಂಕಲ್ ನಿವೃತ್ತರಾಗಿ ತಮ್ಮ ಪುಟ್ಟ ಊರಿಗೆ ಮರಳಿದ್ದರು. ಕರೆದರು, ಹೋದೆವು. ಒಂದೇ ಬೀದಿ, ಒಂದು ಬೇಕರಿ, ದಿಣ್ಣೆಯ ಮೇಲೆ ಸುಣ್ಣ ಬಳಿದ ಇಗರ್ಜಿ. ಎಲ್ಲಿ ನೋಡಿದರೂ ಹಸಿರು. ದುಬೈಯಲ್ಲಿ ಪ್ರತಿ ಹುಲ್ಲಿನ ಬುಡದಲ್ಲೂ ನೀರಿನ ಕಪ್ಪು ಪೈಪು ಇರುತ್ತದೆ. ಇಲ್ಲಿ ನಾನು ಕೂತು ಹುಲ್ಲು ಸರಿಸಿ ಹುಡುಕಿದೆ, ಪೈಪಿರಲಿಲ್ಲ. ಯಾರೂ ನೀರು ಹಾಕದೆ ಇಷ್ಟೆಲ್ಲ ತಾನಾಗಿ ಬೆಳೆದಿದೆ ಎನ್ನುವುದು ನನ್ನಲ್ಲಿ ಭಯದಂಥದ್ದೇನನ್ನೋ ಹುಟ್ಟಿಸಿತು. ಇಗರ್ಜಿಯ ಅಂಗಳದಲ್ಲಿ ಗೋರಿಗೊಂದು ಪುಟ್ಟ ತೋಟ, ಗಿಡಗಳ ಬೇಲಿ. ಯೆನ್ಸ್ ಅಂಕಲ್ ತಾಯಿಯ ಗೋರಿಯ ಹೂಗಳಿಗೆ ನೀರು ಹಾಕುತ್ತಿದ್ದರೆ ಅಜ್ಜಿ ಕಲ್ಲಿಂದ ಕಲ್ಲಿಗೆ ನಡೆದಳು. "ಎಲ್ಲರದ್ದೂ ಹೆಸರುಂಟು," ಎಂದಳು, ಓದಲು ಬಾರದಿದ್ದರೂ.

ಊರಿನಾಚೆ ಬಾರ್ಲಿ ಹೊಲದ ನಡುವೆ ಹುಲ್ಲು ಹೊದ್ದ ದಿಬ್ಬ, ಅದರ ಮಗ್ಗುಲಲ್ಲಿ ಸೊಂಟದೆತ್ತರದ ಕಲ್ಲಿನ ಬಾಯಿ. ಪಿರಮಿಡ್ಡಿಗಿಂತ ಹಳೆಯ ಗೋರಿ, ಐದು ಸಾವಿರ ವರ್ಷದ್ದು ಎಂದರು ಯೆನ್ಸ್ ಅಂಕಲ್. ಯಾರು ಮಲಗಿದ್ದರೋ ಯಾರಿಗೂ ತಿಳಿಯದಂತೆ. ಅಜ್ಜಿ ತಲೆಯ ಮೇಲೆ ಶಾಲು ಎಳೆದುಕೊಂಡಳು.

"ಉಮ್ಮ, ಅವ್ರು ನಮ್ಮವ್ರಲ್ಲ," ಎಂದ ಬಾಪ.

"ದೀನ್ ಇಸ್ಲಾಂ ಬರ್ಲಿಕ್ಕೆ ಮೊದ್ಲೇ ಹೋದವ್ರು. ಅವ್ರದ್ದೆಂತ ತಪ್ಪು? ಹೆಂಗಸ್ರು ಒಳಗೆ ಹೋಗ್ಬಹುದಾ ಕೇಳು."

ಬಾಪ ತಡವರಿಸುತ್ತ ಕೇಳಿದ. ಯೆನ್ಸ್ ಅಂಕಲ್ ನಕ್ಕು, ದುಬೈಯಲ್ಲಿ ಕಲಿತ ಅರಬಿ ಮಾತಿನಲ್ಲೇ, ನಡೀರಿ ಎಂದು ಕೈಬೀಸಿದರು. "ಯಲ್ಲಾ, ಯಲ್ಲಾ."

ಅಜ್ಜಿ ಬಗ್ಗಿ, ಮೊಣಕಾಲೂರಿ, ಒಳಹೊಕ್ಕಳು. "ಇಟ್ಸ್ ಡರ್ಟಿ ಅಜ್ಜಿ," ಎನ್ನುತ್ತ ನಾನೂ ಹೋದೆ, ಅಥವಾ ಹೋದೆನೆಂದು ನೆನಪು. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿತ್ತು. ನಮ್ಮ ಫ್ಲ್ಯಾಟಿನ ಅಡುಗೆಮನೆಗಿಂತ ದೊಡ್ಡ ಒಂದೇ ಕಲ್ಲು ಸೂರಾಗಿ ಕೂತಿತ್ತು. ಅದನ್ನು ಎತ್ತಿಟ್ಟವರು ಯಾರು, ಹೇಗೆ? ಅಜ್ಜಿ ಅಂಗೈಯನ್ನು ಗೋಡೆಗೆ ಒತ್ತಿಟ್ಟು, ಜ್ವರ ಬಂದ ಮಗುವಿನ ಹಣೆ ನೋಡುವಂತೆ, ಸುಮಾರು ಹೊತ್ತು ನಿಂತಳು.

"ನೀನು ಹೊರಗೆ ಹೋಗು ಮಗಾ. ಟಾರ್ಚೂ ತಗೊಂಡು ಹೋಗು."

ಬಿಸಿಲಿಗೆ ಬಂದೆ. ಬಾರ್ಲಿ ಅಲುಗುತ್ತಿತ್ತು. ಅಜ್ಜಿ ಹೊರಬಂದಾಗ ಮೊಣಕಾಲಲ್ಲಿ ಕೆಸರಿತ್ತು. ಉಮ್ಮ ಒರೆಸಹೋದರೆ ಬೇಡವೆಂದಳು. ಆಮೇಲೆ ಅವಳು ಅಬುಧಾಬಿಗೆ ಮತ್ತೊಮ್ಮೆ ಹೋಗೋಣವೆಂದು ಕೇಳಲೇ ಇಲ್ಲ.

ಬಾಪನ ವೀಸಾ ಮುಗಿಯಿತು, ಮನೆ ಖಾಲಿಯಾಯಿತು, ಅಜ್ಜಿ ಉಳ್ಳಾಲದಲ್ಲಿ ತೀರಿಕೊಂಡಳು. ಅವಳ ಗೋರಿ ಎಲ್ಲಿದೆ ಎಂದು ಬಾಪನಿಗೆ ಗೊತ್ತು. ನಾನು ಗೇಟಿನವರೆಗೆ ಹೋಗಿದ್ದೇನೆ. ಡೆನ್ಮಾರ್ಕಿನ ಆ ಕತ್ತಲಲ್ಲಿ ಅವಳು ಸಲಾಂ ಹೇಳಿದ್ದು ಹೆಸರಿಲ್ಲದ ಆ ಜನಕ್ಕೋ, ಅಜ್ಜನಿಗೋ, ಅಥವಾ ಏನೂ ಹೇಳದೆ ಸುಮ್ಮನೆ ನಿಂತಿದ್ದಳೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.