ಕಾಕು ತಲೆಗಿಟ್ಟ ಟೊಪ್ಪಿಗೆ

ಮೊನ್ನೆ ಟ್ರಂಕು ತೆಗೆದಾಗ ನಿಮ್ಮಜ್ಜನ ಬಿಳಿ ಟೊಪ್ಪಿಗೆ ಕೈಗೆ ಬಂತು. ಒಳಪಟ್ಟಿಯಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ. ಆದರೆ ಮಕ್ಕಳೇ, ನೆನಪಾದದ್ದು ಅಜ್ಜನಲ್ಲ. ಅಂಥದೇ ಟೊಪ್ಪಿಗೆ ಇಟ್ಟುಕೊಂಡು ನನ್ನನ್ನು ನಗಿಸಿದ ಪಕ್ಕದ ಮನೆಯ ಕಾಕು. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ...

ಗಡಹಿಂಗ್ಲಜ ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆ ಕಲಿತವಳು ನಾನು. ಇಚಲಕರಂಜಿಗೆ ಸೊಸೆಯಾಗಿ ಬಂದಾಗ ಮಗ್ಗಗಳ ಸದ್ದಿಗೂ ಹೆದರುತ್ತಿದ್ದೆ, ಮಂದಿಗೂ ಹೆದರುತ್ತಿದ್ದೆ. ನನ್ನನ್ನು ಕರೆದು ಮಾತಾಡಿಸಿದವರು ಕಾಕು ಒಬ್ಬರೇ.

ಒಮ್ಮೆ ಟಾಕೀಜಿಗೆ ಒಂದು ಮರಾಠಿ ಸಿನೆಮಾ ಬಂತು. ಪೋಸ್ಟರಿನಲ್ಲಿ ದೇವಿ ವರ ಕೊಡುತ್ತಿದ್ದಳು. ಭಕ್ತಿಯ ಸಿನೆಮಾ ಎಂದುಕೊಂಡು ಎರಡೂ ಮನೆಯವರು ನಮ್ಮನ್ನು ಕಳಿಸಿದರು. ನೋಡಿದರೆ, ಆ ವರದಿಂದ ಗಂಡನ ಜೀವ ಹೆಂಡತಿಯ ಮೈಗೆ, ಹೆಂಡತಿಯ ಜೀವ ಗಂಡನ ಮೈಗೆ ಹೋಗಿತ್ತು. ಹೆಂಡತಿ ಎದ್ದವಳೇ 'ಮೀ ಆಲೋ', ಅಂದರೆ ನಾನು ಬಂದೆ, ಎಂದಳು. ಪುಸ್ತಕದ ಮರಾಠಿಯಲ್ಲಿ ಗಂಡಸು ಹೇಳಿದರೆ 'ಆಲೋ', ಹೆಂಗಸು ಹೇಳಿದರೆ 'ಆಲೆ'. ನಗುವ ಜಾಗ ಅದೇ ಇರಬೇಕು. ನಮಗೆ ತಿಳಿಯಲೇ ಇಲ್ಲ. ಈ ಕಡೆಯ ಹೆಂಗಸರೆಲ್ಲ ಆಡುವುದೇ 'ಆಲೋ'. ಗಂಡ ಸೆರಗು ಹುಡುಕತೊಡಗಿದ ಮೇಲೆ ನಮಗೆ ಅರ್ಥವಾಯಿತು.

ಬರುವಾಗ ದಾರಿಯಲ್ಲಿ ಕಾಕು, "ಅಂದ್ರ ನಾವು ಮೊದಲಿಂದ ಗಂಡಸರಂಗ ಮಾತಾಡಾಕತ್ತೇವಿ ನೋಡ. ಮಾತಷ್ಟ ಕೊಟ್ಟಾರ, ಚಾದಂಗಡಿ ಕೊಟ್ಟಿಲ್ಲ," ಅಂದರು.

"ಚಾದಂಗಡಿ ಯಾಕ್ರಿ ಕಾಕು?"

"ನಾ ಗಂಡಸಾದ್ರ, ಮನಿ ಎದುರಿನ ಅಂಗಡಿ ಬೆಂಚಿನ ಮ್ಯಾಲ ಕಾಲ ಮ್ಯಾಲ ಕಾಲ ಹಾಕ್ಕೊಂಡ ಕುಂತ ಒಂದ ಕಪ್ ಚಾ ಕುಡೀತೇನಿ. ಅಷ್ಟ."

ಮಾರನೆಯ ದಿನದಿಂದ ಮಧ್ಯಾಹ್ನ ನಮ್ಮದೊಂದು ಆಟ. ಕಾಕು ಗಂಡನ ಟೊಪ್ಪಿಗೆ ಇಟ್ಟುಕೊಂಡು ಗೋಡೆಗೆ ಒರಗಿ, "ಏ, ಚಾ ಎಲ್ಲೈತಿ? ಕಬ್ಬ ಕಡದ ಸಕ್ಕರಿ ಮಾಡಾಕತ್ತಿಯೇನ?" ಎಂದು ಗದರಬೇಕು. ನಾನು ತಲೆ ತಗ್ಗಿಸಿ ಕಪ್ಪು ಕೊಡಬೇಕು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಒಂದು ದಿನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ನಗುವಿನಲ್ಲಿ ಸದ್ದು ನಿಂತದ್ದು ನಮಗೆ ಗೊತ್ತಾಗಲಿಲ್ಲ. ಮಗ್ಗದ ಕೆಲಸ ನಿಂತು ಮನೆಗೆ ಬಂದ ಕಾಕುವಿನ ಗಂಡ ಬಾಗಿಲಲ್ಲಿ ನಿಂತಿದ್ದರು.

ಅವರು ಹೆಂಡತಿಯ ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಝಾಡಿಸಿ, ತಾವು ಇಟ್ಟುಕೊಂಡರು. ಅಂದಿನಿಂದ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬಾಗಿಲಿಗೆ ಕೊಂಡಿ ಹಾಕತೊಡಗಿದರು.

ಬರೀ ಕೊಂಡಿ. ಕೀಲಿ ಇರಲಿಲ್ಲ. ಓಣಿಯಲ್ಲಿ ಯಾರು ಬೇಕಾದರೂ ತೆಗೆಯಬಹುದಿತ್ತು, ಯಾರೂ ತೆಗೆಯಲಿಲ್ಲ. ನನ್ನ ಹೊಸ್ತಿಲಿಂದ ಅದು ನಾಲ್ಕೇ ಹೆಜ್ಜೆ.

"ಏ ಪೋರಿ, ಕೊಂಡಿ ತಗೀ. ಚಾ ಕುಡದ ಬರ್ತೇನಿ," ಎಂದು ಕಾಕು ಕಿಟಕಿಯಿಂದ ಕರೆಯುತ್ತಿದ್ದರು.

"ಅತ್ತಿ ಅದಾರ್ರಿ," ಎಂದು ನಾನು ಒಳಗೆ ಹೋಗುತ್ತಿದ್ದೆ.

ಎಷ್ಟೋ ತಿಂಗಳ ಮೇಲೆ ಅತ್ತೆ ನಾಂದಣಿ ಮಠಕ್ಕೆ ಹೋದ ದಿನ ಕೊಂಡಿ ತೆಗೆದೆ. ಕಾಕು ಒಂದು ಕಾಲು ಹೊರಗಿಟ್ಟರು. ಎದುರಿನ ಅಂಗಡಿಯಲ್ಲಿ ಗಂಡಸರ ಮಾತು ನಿಂತಿತು. ಯಾರೋ ಬೆಂಚಿನ ಮೇಲೆ ಸರಿದು ಜಾಗ ಮಾಡಿ, ಪಕ್ಕದವನನ್ನು ನೋಡಿ ನಕ್ಕ. ಕಾಕು ಕಾಲು ಒಳಗೆಳೆದುಕೊಂಡರು.

"ಹಾಕಿಬಿಡ ಪೋರಿ. ಗೊತ್ತಾದ್ರ ನಿನ್ನ ಹೆಸರ ಬರ್ತೈತಿ."

ಹಾಕಿದೆ. ಇದೇ ಕೈಯಿಂದ. ಆಗ ನನಗೆ ಸಮಾಧಾನವೇ ಆಯಿತು... ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಆಮೇಲೆ ಅವರು ಕೊಲ್ಲಾಪುರಕ್ಕೆ ಮನೆ ಬದಲಿಸಿದರು. ಕಾಕು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಹದಿಮೂರು ದಿನ ಕಳೆದಿದ್ದವು.

ಶಾಲೆ ಕಲಿಯುವ ನೀವು, "ಅಜ್ಜಿ, 'ಆಲೋ' ಅಲ್ಲ, 'ಆಲೆ' ಅನ್ನಬೇಕು" ಎಂದು ನನ್ನನ್ನು ತಿದ್ದಿ ನಗುತ್ತೀರಿ. ನಗಿರಿ. ನನ್ನ ನಾಲಿಗೆ ಇನ್ನು ತಿರುಗುವುದಿಲ್ಲ. ಚಾದಂಗಡಿ ಈಗಲೂ ಎದುರಿಗೇ ಇದೆ. ನಿಮ್ಮಜ್ಜ ಹೋದ ಮೇಲೆ ನನ್ನನ್ನು ತಡೆಯುವವರು ಯಾರೂ ಇಲ್ಲ. ಆದರೂ ಆ ಬೆಂಚಿನ ಮೇಲೆ ನಾನು ಇಂದಿನವರೆಗೆ ಕುಳಿತಿಲ್ಲ.

ಟೊಪ್ಪಿಗೆಯನ್ನು ಮಡಚಿ ಟ್ರಂಕಿನಲ್ಲಿಟ್ಟೆ. ಕೈ ತಾನಾಗಿಯೇ ಕೊಂಡಿಗೆ ಹೋಯಿತು... ಹಾಕಲು ಆಗಲಿಲ್ಲ.