ಮಡಿಯಲ್ಲಿ ಕಲಿತ ಇಂಗ್ಲಿಷು

ಇಂಗ್ಲಿಷ್ ನಿಘಂಟಿನಲ್ಲಿ ಕಠಿಣ ಶಬ್ದವೊಂದಕ್ಕೆ ಅರ್ಥ ಹುಡುಕುವುದೂ, ಮನೆಯಲ್ಲಿ ಮೊಸರು ತೀರಿದ ದಿನ ಹೆಪ್ಪು ಬೇಡಲು ಹೊರಡುವುದೂ ಒಂದೇ ಜಾತಿಯ ಸಾಹಸವೆಂದು ನನ್ನ ನಂಬಿಕೆ. ಎಡಮನೆಯವರು ಬಲಮನೆಗೆ ಕಳಿಸುತ್ತಾರೆ, ಬಲಮನೆಯವರು ಎದುರುಮನೆಗೆ ಕಳಿಸುತ್ತಾರೆ, ಎದುರುಮನೆಯಾಕೆಯೋ ಕೈಯಲ್ಲಿ ಬಟ್ಟಲು ಹಿಡಿದು ನಿಮ್ಮ ಮನೆಗೇ ಹೊರಟು ನಿಂತಿರುತ್ತಾಳೆ. ‘ಆಬ್ಡ್ಯೂರೇಟ್’ ಎಂದರೇನೆಂದು ನಾನು ಕೇಳಿದ ದಿನ ನಿಘಂಟು ನನ್ನನ್ನು ‘ಇನ್‌ಫ್ಲೆಕ್ಸಿಬಲ್’ಗೆ ಅಟ್ಟಿತು. ಅಲ್ಲಿಂದ ‘ಆಬ್‌ಸ್ಟಿನೇಟ್’ಗೆ. ಅಲ್ಲಿ ಹೋಗಿ ಕದ ತಟ್ಟಿದರೆ ಒಳಗೆ ಕಾಲು ಚಾಚಿ ಕುಳಿತಿದ್ದದ್ದು ಅದೇ ‘ಆಬ್ಡ್ಯೂರೇಟ್’. ಹಟಮಾರಿ ಎಂಬ ಒಂದು ಮಾತನ್ನು ತಿಳಿಯಲು ಪುಸ್ತಕವೇ ಇಷ್ಟು ಹಟ ಮಾಡುವುದನ್ನು ನೋಡಿ ನನಗೆ ತಡೆಯಲಾರದಷ್ಟು ನಗು ಬಂತು. ಒಲೆಯ ಮೇಲಿದ್ದ ಒಗ್ಗರಣೆ ಕಪ್ಪಾದದ್ದು ಆಮೇಲೆ ತಿಳಿಯಿತು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ನಮಗೆ ಇಂಗ್ಲಿಷನ್ನು ತುಟಿಯಿಂದ ಕಲಿಸಿದರು. ಯಾವ ಶಬ್ದಕ್ಕೆ ಬಾಯಿ ಎಷ್ಟು ತೆರೆಯಬೇಕು, ನಾಲಿಗೆ ಯಾವ ಹಲ್ಲಿಗೆ ತಾಗಬೇಕು ಎಂಬುದರಲ್ಲಿ ನಾವು ನಿಷ್ಣಾತರು. ಅರ್ಥದ ಗೊಡವೆಗೆ ಹೋದವರು ಕಡಿಮೆ. ಹೀಗಾಗಿ ಮದುವೆಯಾಗಿ ಆದವಾನಿಗೆ ಬಂದಾಗ ನನ್ನ ಇಂಗ್ಲಿಷು, ತವರಿನವರು ಕೊಟ್ಟ ಬೆಳ್ಳಿಯ ಪನ್ನೀರುದಾನಿಯಂತೆ, ಹೊರಗೆ ಥಳಥಳ, ಒಳಗೆ ಒಂದು ಹನಿಯಿಲ್ಲ. ಅದನ್ನು ತುಂಬಿಸಬೇಕಾದ ಪ್ರಸಂಗ ನನ್ನ ನಾದಿನಿ ಪದ್ಮಳಿಂದ ಬಂತು.

ಆಗಷ್ಟೇ ಆದವಾನಿ ಬಳ್ಳಾರಿ ಜಿಲ್ಲೆಯಿಂದ ತೆಲುಗು ಸೀಮೆಯ ಕರ್ನೂಲಿಗೆ ಸೇರಿತ್ತು. ನಾವು ಕೂತ ಮಣೆ ಕದಲಿರಲಿಲ್ಲ, ಜಿಲ್ಲೆಯೇ ಎದ್ದು ಬೇರೆ ಪಂಕ್ತಿಯಲ್ಲಿ ಕೂತಿತ್ತು. ಕನ್ನಡವೋ ತೆಲುಗೋ ಎಂದು ಗಂಡಸರು ಕಟ್ಟೆಯ ಮೇಲೆ ವಾದಿಸುತ್ತಿದ್ದರೆ, ಪದ್ಮಳಿಗೆ ಬೇಕಾದದ್ದು ಇಂಗ್ಲಿಷು. ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರ ಜಾಗ ಖಾಲಿಯಿತ್ತು. ಇಂಟರ್ವ್ಯೂನಲ್ಲಿ ದೊಡ್ಡ ದೊಡ್ಡ ಶಬ್ದ ಕೊಟ್ಟು ವಾಕ್ಯ ಮಾಡಿಸುತ್ತಾರೆಂದು ಸುದ್ದಿ. ಅದೇ ಹೊತ್ತಿಗೆ ಪತ್ತಿಕೊಂಡದಿಂದ ಒಂದು ಎರಡನೆಯ ಸಂಬಂಧವೂ ಬಂದಿತ್ತು. ವರ ಮಹಾಶಯರ ನಶ್ಯದ ಡಬ್ಬಿ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ನಮ್ಮ ಅತ್ತೆ ರಿಂದಮ್ಮನವರು ತೀರ್ಪು ಕೊಟ್ಟರು: “ನೌಕರಿ ಸಿಕ್ಕರ ಸಾಲಿಗೆ ಹೋಗು. ಸಿಗಲಿಲ್ಲಂದ್ರ ಪತ್ತಿಕೊಂಡ. ಆಮ್ಯಾಲೆ ಮೂತಿ ತಿರುವಬಾರದು.”

ಪದ್ಮ ಒಪ್ಪಿದಳು. ಒಪ್ಪಿ, ಹಿತ್ತಲಿಗೆ ಬಂದು ನನ್ನ ಕೈ ಹಿಡಿದುಕೊಂಡು, “ವದಿನಾ, ನನ್ನ ನಶ್ಯದಿಂದ ಕಾಪಾಡರಿ” ಎಂದಳು. ನಮ್ಮ ಕಡೆ ಅತ್ತಿಗೆಯನ್ನು ತೆಲುಗಿನಲ್ಲಿ ವದಿನ ಎಂದೇ ಕರೆಯುವುದು. ಕಷ್ಟ ಬಂದಾಗ ಆ ಕರೆ ಇನ್ನಷ್ಟು ಮೃದುವಾಗುತ್ತದೆ.

ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು ಎಲ್ಲಿಂದಲೋ ಒಂದು ಹಳೆಯ ನಿಘಂಟು ತಂದುಕೊಟ್ಟರು. ಪ್ರತಿ ಶಬ್ದಕ್ಕೂ ಅರ್ಥ, ಅರ್ಥದ ಕೆಳಗೊಂದು ಉದಾಹರಣೆಯ ವಾಕ್ಯ. ಆದರೆ ಅದರ ಬೆನ್ನಿಗೆ ತೊಗಲು ಹೊದಿಸಿತ್ತು. ತೊಗಲೆಂದರೆ ಮೈಲಿಗೆ, ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಮಡಿಯುಟ್ಟು ಅತ್ತೆಯ ಜೊತೆ ಅಡಿಗೆಮನೆಯಲ್ಲಿ. ಆಂಗ್ಲ ಸಾಹಿತ್ಯಕ್ಕೂ ಹುಳಿಗೂ ನಡುವೆ ಒಂದು ಹೊಸ್ತಿಲು. ಕೊನೆಗೆ ರಾಜಿಯಾಯಿತು: ಪದ್ಮ ಹೊಸ್ತಿಲಾಚೆ ಕುಳಿತು ಓದುವುದು, ನಾನು ಈಚೆಯಿಂದ ಸೌಟು ಆಡಿಸುತ್ತ ಉಚ್ಚಾರ ತಿದ್ದುವುದು. ಪುಟ ನೆರಳಾಗಿಯೂ ಒಳಗೆ ಬೀಳದಂತೆ ಅತ್ತೆಯ ಕಾವಲು.

ಪುಸ್ತಕದ ಉದಾಹರಣೆಗಳೋ ದೇವರಿಗೇ ಪ್ರೀತಿ. ಡ್ಯೂಕನು ನರಿಯ ಬೇಟೆಗೆ ಹೊರಟನು. ದಟ್ಟ ಮಂಜು ಸೇತುವೆಯನ್ನು ನುಂಗಿತು. ಬಿಸಿಲಿಗೆ ಬೆಟ್ಟದ ಬಂಡೆ ಬಿರಿಯುವ ಊರಿನಲ್ಲಿ ಮಂಜಿನ ಮೇಲೆ ಪದ್ಮಳ ಮನಸ್ಸು ನಿಲ್ಲುವುದಾದರೂ ಹೇಗೆ? ಡ್ಯೂಕನ ಹೆಸರು ಬಂದೊಡನೆ ಆಕಳಿಸುತ್ತಿದ್ದಳು. ಆಗ ನಾನು ಮಂಜನ್ನು ತೆಗೆದು, ಜಿನ್ನಿಂಗ್ ಮಿಲ್ಲುಗಳಿಂದ ಹಾರಿ ಬಂದು ನಮ್ಮ ತುಳಸಿಯ ಮೇಲೆ ಕೂರುವ ಅರಳೆಯ ನವಿರನ್ನು ವಾಕ್ಯದೊಳಗೆ ಹಾಕಿದೆ. ಶಬ್ದ ತಟ್ಟನೆ ಹತ್ತಿಕೊಂಡಿತು. ಡ್ಯೂಕನ ಜಾಗಕ್ಕೆ ಯಾರನ್ನು ಹಾಕುವುದು? ಮನೆಯಲ್ಲಿ ಅಧಿಕಾರ ನಡೆಸುವವರು ಒಬ್ಬರೇ. ಹೀಗಾಗಿ ಅತ್ತೆಯವರು ಇಂಗ್ಲಿಷಿಗೆ ಪಾದಾರ್ಪಣ ಮಾಡಿದರು. ‘ಇನೆಕ್ಸೊರಬಲ್’, ಎಷ್ಟು ಬೇಡಿಕೊಂಡರೂ ಕರಗದವರು: ಮಡಿಯ ವಿಷಯದಲ್ಲಿ ನನ್ನ ತಾಯಿ ಇನೆಕ್ಸೊರಬಲ್. ‘ಮೆಟಿಕ್ಯುಲಸ್’, ಎಳ್ಳಷ್ಟೂ ತಪ್ಪಲು ಬಿಡದವರು: ಬೇಳೆಯಲ್ಲಿ ಕಲ್ಲು ಹುಡುಕುವಾಗ ನನ್ನ ತಾಯಿ ಮೆಟಿಕ್ಯುಲಸ್. ಪದ್ಮ ಉತ್ಸಾಹದಿಂದ ಗಟ್ಟಿಯಾಗಿ ಒದರುವಳು. ಅತ್ತೆಗೆ ಇಂಗ್ಲಿಷು ಬಾರದೆಂಬ ಧೈರ್ಯದಲ್ಲಿ ನಾವಿಬ್ಬರೂ ತೇಲುತ್ತಿದ್ದೆವು.

ಒಂದು ದಿನ ಅತ್ತೆ ಈಳಿಗೆಯ ಮುಂದಿನಿಂದ ತಲೆಯೆತ್ತದೆ ಕೇಳಿದರು: “ಎಲ್ಲಾ ಮಾತಿನ ಹಿಂದೂ ಮದರ್ ಮದರ್ ಅಂತೀರಲ್ಲ, ನಾ ಏನೇನು ಮಾಡೀನಿ ಅಂತ ಜರಾ ಕನ್ನಡದಾಗ ಹೇಳರಿ.”

ನನ್ನ ಕೈಯ ಸೌಟು ಹುಳಿಯೊಳಗೇ ನಿಂತಿತು. ಪದ್ಮ ಅಂಜುತ್ತ ಒಂದೊಂದಾಗಿ ಒಪ್ಪಿಸಿದಳು. ಅತ್ತೆ ಕೋರ್ಟಿನ ಜಡ್ಜರಂತೆ ಆಲಿಸಿ, ಕೆಲವನ್ನು ಉಳಿಸಿಕೊಂಡರು, ಕೆಲವನ್ನು ವಜಾ ಮಾಡಿದರು. “ಮಡೀದು ಖರೇ. ಬ್ಯಾಳೀದೂ ಖರೇ. ಆದರ ಈ ವಟವಟ ಮಾತಾಡೋರ ಮಾತು, ಗ್ಯಾರು... ಏನದು?”

“ಗ್ಯಾರುಲಸ್, ಅಮ್ಮಾ.”

“ಅದು ನನಗ್ಯಾಕ? ಕೋಸಗಿ ಚಿಕ್ಕಮ್ಮಗ ಕೊಡರಿ. ಆಕಿ ರೈಲಿನಾಗ ಕೂತ್ರ ಇಂಜಿನ್ನs ಸುಮ್ಮನಾಗತದ.”

ಅಂದಿನಿಂದ ನಮ್ಮ ವಿದ್ಯಾಭ್ಯಾಸಕ್ಕೆ ರೆಕ್ಕೆ ಬಂತು. ಪದ್ಮ ಅರ್ಥ ಹೇಳುವುದು, ಅತ್ತೆ ಬಂಧುಬಳಗದಲ್ಲಿ ಅದಕ್ಕೆ ತಕ್ಕ ಜನರನ್ನು ಆರಿಸಿಕೊಡುವುದು, ನಾನು ಅದನ್ನು ಇಂಗ್ಲಿಷಿಗೆ ತರುವುದು. ‘ಫ್ರೂಗಲ್’ ಎಂಬ ಮಿತವ್ಯಯಕ್ಕೆ, ಒಂದೇ ಕರಿಬೇವಿನ ಎಸಳನ್ನು ಎರಡು ಒಗ್ಗರಣೆಗೆ ಬಳಸುವ ಚಿಪ್ಪಗಿರಿಯ ಅತ್ತಿಗೆ. ‘ಎಫೆಮರಲ್’ ಎಂಬ ಕ್ಷಣಭಂಗುರತೆಗೆ, ಮಾವನವರ ಏಕಾದಶಿಯ ಉಪವಾಸ. ನನಗಂತೂ ಮತ್ತು ಏರಿದಂತಾಗಿತ್ತು. ಹಾಲಿನ ಹನುಮಕ್ಕ ಬಂದಾಗ, ನಿನ್ನ ಹಾಲು ಪೆಲ್ಯೂಸಿಡ್, ಎಂದರೆ ತಳ ಕಾಣುವಷ್ಟು ತಿಳಿ, ಎಂದುಬಿಟ್ಟೆ. “ಹೌದ್ರಿ ಅಮ್ಮಾ, ನಮ್ಮ ಎಮ್ಮಿ ಜಾತಿನs ಹಂಗ ಐತಿ, ಚಾಲಾ ಮಂಚಿದಿ” ಎಂದು, ಬಹಳ ಒಳ್ಳೆಯದೆಂಬುದನ್ನು ತೆಲುಗಿನಲ್ಲೂ ಸೇರಿಸಿ, ಆಕೆ ಹೆಮ್ಮೆಯಿಂದ ಹೋದಳು. ನಮ್ಮವರು ಉಪ್ಪಿಟ್ಟು ಬಾಯಿಗಿಟ್ಟು ಸುಮ್ಮನೆ ಕುಳಿತರೆ, ಹೊಸ್ತಿಲ ಎರಡೂ ಕಡೆಯಿಂದ ‘ಇನ್‌ಸಿಪಿಡ್? ಸಪ್ಪೆಯೇ?’ ಎಂದು ಪ್ರಶ್ನೆ. ಪಾಪ, ಅವರು ಉಪ್ಪು ಕೇಳುವುದನ್ನೇ ಬಿಟ್ಟರು.

ಇಂಟರ್ವ್ಯೂನ ದಿನ ಬಂತು. ಕಮಿಟಿಯಲ್ಲಿ ಹೆಡ್‌ಮಿಸ್ಟ್ರೆಸ್ಸಮ್ಮನ ಪಕ್ಕಕ್ಕೇ ಕುಳಿತಿದ್ದವರು ಶೀನು ಮಾವ, ಅಂದರೆ ನಮ್ಮ ಅತ್ತೆಯ ದೊಡ್ಡಪ್ಪನ ಮಗ. ನಮ್ಮ ಮತದವರು ಊರಿನಲ್ಲಿ ಇರುವುದೇ ನಾಲ್ಕು ಮನೆ. ಯಾವ ಕುರ್ಚಿ ಎಳೆದರೂ ಅದರ ಮೇಲೊಬ್ಬ ಬಂಧು ಇರುತ್ತಾನೆ. ಅದನ್ನು ನಾವು ಮರೆತದ್ದೇ ತಪ್ಪಾಯಿತು. ಸಂಬಂಧಿಕರೆಂದು ಯಾರೂ ಅನ್ನಬಾರದೆಂದೋ ಏನೋ, ಮಾವನೇ ಎಲ್ಲರಿಗಿಂತ ಕಠಿಣವಾದ ಶಬ್ದ ಎಸೆದರು: ‘ಆಸ್ಟೆಂಟೇಷಸ್’. ಇದ್ದದ್ದನ್ನೂ ಇಲ್ಲದ್ದನ್ನೂ ಮೆರೆಸಿ ತೋರಿಸುವ ಆಡಂಬರಕ್ಕೆ ಆ ಹೆಸರು.

ಪದ್ಮಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಗಂಡಾಂತರ. ನಮ್ಮಲ್ಲಿ ಪ್ರತಿ ಶಬ್ದಕ್ಕೂ ಒಬ್ಬೊಬ್ಬರು; ಈ ಶಬ್ದವನ್ನು ಅತ್ತೆ ಕೊಟ್ಟದ್ದು ಸಾಕ್ಷಾತ್ ಶೀನು ಮಾವನಿಗೇ. ‘ನನ್ನ ಸೋದರಮಾವನ ಗಡಿಯಾರದ ಸರಪಳಿ ಆಸ್ಟೆಂಟೇಷಸ್, ಏಕೆಂದರೆ ಅದರ ತುದಿಯಲ್ಲಿ ಗಡಿಯಾರವಿಲ್ಲ.’ ಆ ಸರಪಳಿ ಆಕೆಯ ಕಣ್ಣೆದುರೇ ಮಾವನ ಎದೆಯ ಮೇಲೆ ಹೊಳೆಯುತ್ತಿತ್ತು. ಬೇರೆ ವಾಕ್ಯ ಹುಡುಕಿದಳು, ತಲೆಯಲ್ಲಿ ಬೇರೆ ಯಾರೂ ಇಲ್ಲ. ಕೊನೆಗೆ ಇಂಗ್ಲಿಷಿನಲ್ಲಿ, ನನ್ನ ತಾಯಿ ಆಸ್ಟೆಂಟೇಷಸ್, ಎಂದುಬಿಟ್ಟಳು.

“ಯಾರು, ರಿಂದಿನಾ?” ಮಾವ ಕಮಿಟಿಯನ್ನೇ ಮರೆತು ಕನ್ನಡಕ್ಕಿಳಿದರಂತೆ. “ಇರೋ ಎರಡು ಬಳೀನೂ ಸೆರಗಿನಾಗ ಮುಚ್ಚಿಕೊಂಡು ಅಡ್ಡಾಡಾಕಿ ಆಕಿ. ವಾಕ್ಯ ತಪ್ಪು.”

ಹೆಡ್‌ಮಿಸ್ಟ್ರೆಸ್ಸಮ್ಮ ಅರ್ಥ ಕೇಳಿದರು. ಪದ್ಮ ಸರಿಯಾಗಿಯೇ ಹೇಳಿದಳು. ಹಾಗಿದ್ದರೆ ತಪ್ಪು ವಾಕ್ಯ ಏಕೆ ಮಾಡಿದೆ ಎಂದು ಕೇಳಿದ್ದಕ್ಕೆ, ಸರಿಯಾದ ವಾಕ್ಯ ಈ ಕೋಣೆಯಲ್ಲಿ ಹೇಳುವಂಥದಲ್ಲ ಎಂದಳಂತೆ. ಆಕೆ ಕನ್ನಡಕದ ಮೇಲಿಂದ ಕೋಣೆಯನ್ನೆಲ್ಲ ನಿಧಾನವಾಗಿ ನೋಡಿ, ಒಂದು ಕಡೆ ಕಣ್ಣು ನಿಲ್ಲಿಸಿ, ಕೆಮ್ಮಿ, ನೀನಿನ್ನು ಹೋಗಬಹುದು ಎಂದರು.

ಮನೆಗೆ ಬಂದವಳು ಇಷ್ಟನ್ನೂ ಅಂಗಳದಲ್ಲಿ ನಿಂತೇ ಹೇಳಿ, ಕಾಲೂ ತೊಳೆಯದೆ ಕುಸಿದು ಕೂತಳು. ಮೂಲೆಯಲ್ಲೆಲ್ಲೋ ನಶ್ಯದ ವಾಸನೆ ಬಂದಂತೆ ನನಗೂ ಭಾಸವಾಯಿತು.

ಸಂಜೆ ಶೀನು ಮಾವ ಬಂದರು. ಪಡಸಾಲೆಯಲ್ಲಿ ಕೂತು, ನೀರನ್ನೂ ಮುಟ್ಟದೆ, ಅಡಿಗೆಮನೆಯತ್ತ ಮುಖ ಮಾಡಿ, “ಏ ರಿಂದೀ, ನಿನ್ನ ಮಗಳಿಗೆ ಸರಿಯಾದ ವಾಕ್ಯ ಒಂದು ಗೊತ್ತದಂತ. ಏನದು?” ಎಂದರು.

ಅತ್ತೆ ಹೊಸ್ತಿಲಿಗೆ ಬಂದು ನಿಂತರು. ಗೊತ್ತಿಲ್ಲವೆಂದು ಒಳಗೆ ಹೋಗಿದ್ದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಪತ್ತಿಕೊಂಡದ ಸಂಬಂಧ ಅವರೇ ಒಪ್ಪಿದ್ದು. ಮಾತು ಅವರದೇ ಗೆಲ್ಲುತ್ತಿತ್ತು.

“ಗಡಿಯಾರ ಇಲ್ಲದ ಸರಪಣಿ. ಅದು ನಿಂದು,” ಎಂದರು ಅತ್ತೆ. “ವಾಕ್ಯ ಮಾಡಿದಾಕಿ ನಾನು, ಹುಡುಗೀರಲ್ಲ. ಸಿಟ್ಟಿದ್ದರ ನನ್ನ ಮ್ಯಾಲೆ ತೀರಿಸಿಕೋ ಶೀನಣ್ಣಾ, ಆಕಿ ನೌಕರಿ ಮ್ಯಾಲೆ ಬ್ಯಾಡ.”

ಮಾವನ ಬೆರಳು ತಾನಾಗಿ ಸರಪಳಿಗೆ ಹೋಯಿತು. “ನಿನಗ ಹೆಂಗ ಗೊತ್ತಾತು?” ಎಂದರು.

“ಟೈಮು ಕೇಳಿದಾಗೆಲ್ಲಾ ನೀ ಜೇಬು ನೋಡಂಗಿಲ್ಲ, ಸೂರ್ಯನ್ನ ನೋಡತಿ.”

ಮಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಸರಪಳಿ, ಕೊನೆಗೆ ನಗು ಹೊರಗೆ ಬಂತು. “ಇಂಟರ್ವ್ಯೂ ಮುಗಿದ ಮ್ಯಾಲೆ ಆ ಹೆಡ್‌ಮಿಸ್ಟ್ರೆಸ್ಸಮ್ಮ ನನ್ನ ಕಡೆ ತಿರುಗಿ, ಟೈಮೆಷ್ಟಾತು ಸಾರ್ ಅಂತ ಕೇಳಿದಳು. ಅವಾಗs ಅನುಮಾನ ಬಂತು ನನಗ. ಅರ್ಥನೂ ಗೊತ್ತು, ಎಲ್ಲಿ ಬಾಯಿ ಮುಚ್ಚಬೇಕು ಅನ್ನೋದೂ ಗೊತ್ತು, ಈ ಹುಡುಗೀನs ಬೇಕು ಅಂದಳು ಆ ಯಮ್ಮ. ಸೋಮವಾರದಿಂದ ಬರಲಿ. ಈಗ ಕಾಫಿ ಕೊಡ್ರಿ.”

ಪದ್ಮ ನಕ್ಕಳೋ ಅತ್ತಳೋ ನೋಡಲು ನನಗೆ ಪುರುಸೊತ್ತಾಗಲಿಲ್ಲ, ನನ್ನ ಕಣ್ಣೂ ಸರಿಯಿರಲಿಲ್ಲ. ಅತ್ತೆ ಮಾತ್ರ ಕಾಫಿ ಸೋಸುತ್ತ, ಪತ್ತಿಕೊಂಡಕ್ಕೆ ಹೇಳಿಕಳಿಸಬೇಕು, ಹುಡುಗಿಗೆ ಸಾಲಿ ಅದ ಅಂತ, ಎಂದು ತಮ್ಮಷ್ಟಕ್ಕೆ ಆಡಿಕೊಂಡರು. ಮದುವೆಯಾದ ದಿನದಿಂದ ಅತ್ತೆ ಎಂಬ ಶಬ್ದಕ್ಕೆ ನನ್ನ ಬಳಿ ಅರ್ಥ ಸಿದ್ಧವಾಗಿಯೇ ಇತ್ತು. ಉದಾಹರಣೆ ಸಿಕ್ಕದ್ದು ಅಂದು.

ಓದುಗರೇ, ಇದರಿಂದ ನಮ್ಮ ಪಾಠ ನಿಂತಿತೆಂದು ತಿಳಿಯಬೇಡಿ. ಪದ್ಮ ಶಾಲೆಗೆ ಹೊರಟ ಮೇಲೆ ಹೊಸ್ತಿಲಾಚೆ ಪುಟ ತಿರುವುವವರಿಲ್ಲ, ನಾವಿಬ್ಬರೂ ಮಡಿಯಲ್ಲಿ. “ಪುಸ್ತಕ ಇಲ್ಲದಿದ್ದರ ಏನಾತು, ಜನ ಅದಾರಲ್ಲ,” ಎಂದು ಅತ್ತೆಯೇ ದಾರಿ ತೋರಿಸಿದರು. ಈಗ ಅವರು ಒಬ್ಬರ ನಡತೆ ಹೇಳುತ್ತಾರೆ, ಅದಕ್ಕೆ ಶಬ್ದ ಹುಡುಕುವ ಕೆಲಸ ನನ್ನದು. ಹೆಪ್ಪಿಗಾಗಿ ಅಲೆಯುತ್ತಿದ್ದವಳು ಈಗ ತುಂಬಿದ ಮೊಸರಿನ ಗಡಿಗೆ ಹೊತ್ತು, ಹೊಂದುವ ಮುಚ್ಚಳ ಹುಡುಕುತ್ತ ಅಲೆಯುತ್ತಿದ್ದೇನೆ.

ಮೊನ್ನೆ ಮಧ್ಯಾಹ್ನ ಅವರು ಕೊಟ್ಟದ್ದು ಇದು: “ಒಬ್ಬಾಕಿ ತಾಯಿ. ಮಗಳು ಸಾಲಿಂದ ಬರೋ ಹೊತ್ತಾತೇನಂತ ಬಾಗಲ ಕಡೆ ನೋಡತಾ ನೋಡತಾ, ಎಂದೂ ಉಕ್ಕದ ಹಾಲು ಉಕ್ಕಿಸಿಬಿಟ್ಟಳು. ಆಕಿಗೆ ಏನಂತಾರ?”

ಒಲೆಯ ಸುತ್ತ ಹರಿದಿದ್ದ ಹಾಲನ್ನು ಒರೆಸುತ್ತ ಯೋಚಿಸಿದೆ. ರಾತ್ರಿ ಮಡಿ ಕಳೆದು ನಿಘಂಟನ್ನೆಲ್ಲ ತಿರುವಿದೆ. ಇನ್ನೂ ಸಿಕ್ಕಿಲ್ಲ.